ಪೇನೈಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲ್ಲು, ಹರಳು ಕೂಡಿಡುವ ಹುಚ್ಚು ನನಗೆ ಇದೆ ಅಂತ ಗೊತ್ತಾದ ಮೇಲೆ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಲ್ಲರೂ ಕೇಳುವ ಕಲ್ಲು ಒಂದೇ. "ಜಗತ್ತಿನಲ್ಲೇ ಅತಿ ಅಪರೂಪದ ರತ್ನ ಅಂತೆ, ಪೇನೈಟ್ ಅಂತೆ, ವಿಡಿಯೋ ನೋಡಿದೆ, ನಿಜನಾ?" ಪ್ರತಿ ಸಲ ಫೋನಿನಲ್ಲಿ ಅದನ್ನೇ ಹೇಳಿ ಸಾಕಾಯಿತು. ಅದಕ್ಕೆ ಎಲ್ಲ ಒಂದೇ ಕಡೆ ಬರೆದು ಇಟ್ಟಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಪೇನೈಟ್ ಅಂದ್ರೆ ಏನು? ಚಿಕ್ಕದಾಗಿ ಹೇಳಿ.

ಕೆಂಪು ಕಂದು ಬಣ್ಣದ ಒಂದು ಬೋರೇಟ್ ಖನಿಜ. ಮ್ಯಾನ್ಮಾರ್ ದೇಶದ ಮೊಗೋಕ್ ಕಡೆ ಸಿಗುತ್ತದೆ. ಪರಮಾಣುಗಳನ್ನು ಎಣಿಸಿದರೆ ಅದರಲ್ಲಿ ಒಂದು ಪಾಲು ಕ್ಯಾಲ್ಸಿಯಂ, ಒಂದು ಪಾಲು ಜಿರ್ಕೋನಿಯಂ, ಒಂದು ಪಾಲು ಬೋರಾನ್, ಒಂಬತ್ತು ಪಾಲು ಅಲ್ಯೂಮಿನಿಯಂ, ಹದಿನೆಂಟು ಪಾಲು ಆಕ್ಸಿಜನ್ ಇದೆ. ಕೆಂಪು ಬಣ್ಣ ಬರುವುದು ಇವು ಯಾವುದರಿಂದಲೂ ಅಲ್ಲ, ಜೊತೆಗೆ ಸೇರಿಕೊಂಡ ಚಿಟಿಕೆಯಷ್ಟು ಕ್ರೋಮಿಯಂ ಮತ್ತು ವನೇಡಿಯಂನಿಂದ.

ಹೆಸರನ್ನು ಹೇಗೆ ಓದೋದು? ನೋವಿಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇಲ್ಲ. ಪೇನ್ ಅನ್ನುವುದು ಒಬ್ಬ ಮನುಷ್ಯನ ಅಡ್ಡಹೆಸರು: ಆರ್ಥರ್ ಚಾರ್ಲ್ಸ್ ಡೇವಿ ಪೇನ್, ಬ್ರಿಟಿಷ್ ರತ್ನ ವ್ಯಾಪಾರಿ. ಪೇನ್‌ಗೆ ಐಟ್ ಸೇರಿಸಿದರು, ಪೇನೈಟ್ ಆಯಿತು. ಹಳಗನ್ನಡದಲ್ಲಿ ಪೇನ್ ಅಂದ್ರೆ ಹೇನು, ಪಾಪ ಅವರಿಗೆ ಇದು ಗೊತ್ತಿರಲಿಕ್ಕಿಲ್ಲ. ಇನ್ನೂ ತಮಾಷೆ ಅಂದ್ರೆ ಈ ಖನಿಜವನ್ನು ಮೊದಲು ವಿವರಿಸಿ ಬರೆದ ಮೂವರಲ್ಲಿ ಒಬ್ಬರ ಹೆಸರೂ ಪೇನ್, ಆದರೆ ಸ್ಪೆಲಿಂಗ್ ಬೇರೆ. ಕಲ್ಲಿಗೆ ಹೆಸರು ಕೊಟ್ಟವರು ಒಬ್ಬ ಪೇನ್, ಹೆಸರು ಪಡೆದವರು ಇನ್ನೊಬ್ಬ ಪೇನ್. ಎಷ್ಟೋ ಕಡೆ ಇಬ್ಬರನ್ನೂ ಕಲಸಿ ಬಿಡುತ್ತಾರೆ.

ಬೋರೇಟ್ ಅಂದ್ರೆ ಕ್ಯಾರಂ ಬೋರ್ಡಿಗೆ ಹಾಕುವ ಪುಡಿನಾ?

ಹತ್ತಿರ ಬಂದ್ರಿ. ಕ್ಯಾರಂ ಬೋರ್ಡಿಗೆ ಉದುರಿಸುವ ಪುಡಿ ಬೋರಿಕ್ ಆಸಿಡ್. ಅಕ್ಕಸಾಲಿಗರು ಬೆಸುಗೆ ಹಾಕುವಾಗ ಚಿನ್ನದ ಮೇಲೆ ಸವರುವ ಬಿಳಿಗಾರ, ಅಂದ್ರೆ ಬೋರಾಕ್ಸ್, ಅದೂ ಒಂದು ಬೋರೇಟ್. ಬೋರಾನ್ ಪರಮಾಣು ಆಕ್ಸಿಜನ್ ಜೊತೆ ಕೈ ಹಿಡಿದು ಮಾಡಿಕೊಳ್ಳುವ ಸಂಸಾರಕ್ಕೆಲ್ಲ ಬೋರೇಟ್ ಅಂತ ಹೆಸರು. ಟಂಕಣ ಅನ್ನುವ ಸಂಸ್ಕೃತ ಪದವೂ ಈ ಬಿಳಿಗಾರಕ್ಕೇ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಕುರಿಗಳ ಬೆನ್ನ ಮೇಲೆ ಬರುತ್ತಿದ್ದ ಸರಕು ಅದು. ಲಡಾಖ್‌ನ ಪೂಗಾ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆಗಳ ಸುತ್ತ ಇವತ್ತಿಗೂ ಬಿಳಿಗಾರ ನೆಲದ ಮೇಲೆ ಬೆಳ್ಳಗೆ ಕಟ್ಟಿಕೊಂಡಿರುತ್ತದೆ.

ಆದರೆ ಬಿಳಿಗಾರ ನೀರಿಗೆ ಹಾಕಿದರೆ ಕರಗುತ್ತದೆ, ಉಗುರಿನಲ್ಲಿ ಕೆರೆದರೂ ಪುಡಿ ಉದುರುವಷ್ಟು ಮೆತ್ತಗೆ. ಪೇನೈಟ್ ನೀರಿಗೆ ಜಗ್ಗುವುದಿಲ್ಲ, ಗಾಜನ್ನು ಗೀರುತ್ತದೆ, ಬೆಣಚುಕಲ್ಲನ್ನೂ ಗೀರುತ್ತದೆ. ಎರಡೂ ಬೋರೇಟ್‌ಗಳೇ, ಅಣ್ಣತಮ್ಮಂದಿರು ಅಂದರೆ ನಂಬುವುದು ಕಷ್ಟ. ಕಾರಣ ಒಳಗಿನ ಕಟ್ಟಡ. ಪೇನೈಟ್ ಒಳಗೆ ಅಲ್ಯೂಮಿನಿಯಂ ಮತ್ತು ಆಕ್ಸಿಜನ್ ಸೇರಿ ಗಟ್ಟಿಯಾದ ಒಂದು ಚೌಕಟ್ಟು ಕಟ್ಟಿಕೊಂಡಿವೆ. ಆ ಚೌಕಟ್ಟಿನಲ್ಲಿ ಎರಡು ಥರದ ಕೊಳವೆಗಳು ಇವೆ. ಒಂದರಲ್ಲಿ ಕ್ಯಾಲ್ಸಿಯಂ ಕೂತಿರುತ್ತದೆ, ಇನ್ನೊಂದರಲ್ಲಿ ಜಿರ್ಕೋನಿಯಂ ಮತ್ತು ಬೋರಾನ್. ಜೇನುಗೂಡಿನ ಕಣ್ಣುಗಳಲ್ಲಿ ಮರಿಗಳನ್ನು ಇಟ್ಟ ಹಾಗೆ. ಗೂಡು ಗಟ್ಟಿ, ಅದಕ್ಕೇ ಕಲ್ಲೂ ಗಟ್ಟಿ.

ಯಾರು ಕಂಡುಹಿಡಿದರು? ಮಾಣಿಕ್ಯ ಅಂದುಕೊಂಡು ಕೊಂಡಿದ್ದರು ಅನ್ನೋದು ನಿಜನಾ?

ಆರ್ಥರ್ ಪೇನ್ ಬರ್ಮಾದಲ್ಲಿ ಹರಳು ಕೊಂಡು ಮಾರುತ್ತಿದ್ದವರು. 1950ರ ದಶಕದ ಶುರುವಿನಲ್ಲಿ ಮೊಗೋಕ್ ಬಳಿಯ ಓನ್‌ಗೈಂಗ್ ಅನ್ನುವ ಹಳ್ಳಿಯ ಕಡೆಯಿಂದ ಅವರ ಕೈಗೆ ಒಂದು ಕಡುಗೆಂಪು ಹರಳು ಬಂತು. ಮೊಗೋಕ್ ಅಂದರೆ ಮಾಣಿಕ್ಯದ ಊರು. ಅಲ್ಲಿ ಸಿಕ್ಕ ಕೆಂಪು ಹರಳನ್ನು ಮಾಣಿಕ್ಯ ಅಂದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ತಿಪಟೂರಿನಲ್ಲಿ ಕಾಣುವ ಮರವನ್ನು ತೆಂಗು ಅಂದುಕೊಂಡ ಹಾಗೆ. 1954ರಲ್ಲಿ ಅವರು ಆ ಹರಳನ್ನು ಇನ್ನು ಕೆಲವು ಕಲ್ಲುಗಳ ಜೊತೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. ಅದರ ತೂಕ 1.7 ಗ್ರಾಂ. ಒಂದು ಕಡಲೆಕಾಳಿಗಿಂತ ಸ್ವಲ್ಪ ದಪ್ಪ ಇರಬಹುದು, ಅಷ್ಟೇ.

ಖನಿಜ ತಜ್ಞರಾದ ಕ್ಲಾರಿಂಗ್‌ಬುಲ್, ಮ್ಯಾಕ್ಸ್ ಹೇ ಮತ್ತು ನಾನು ಮೇಲೆ ಹೇಳಿದ ಇನ್ನೊಬ್ಬ ಪೇನ್ ಅದನ್ನು ಪರೀಕ್ಷೆ ಮಾಡಿದರು. ಮಾಣಿಕ್ಯ ಅಲ್ಲ, ಹಿಂದೆ ಯಾರೂ ಹೆಸರಿಟ್ಟ ಯಾವ ಖನಿಜವೂ ಅಲ್ಲ. 1957ರಲ್ಲಿ ಹೊಸ ಖನಿಜ ಅಂತ ಪ್ರಕಟಿಸಿದರು.

ನನಗೆ ಇದರಲ್ಲಿ ಇಷ್ಟವಾಗುವ ಭಾಗ ಬೇರೆ ಇದೆ. ಆ 1957ರ ಸೂತ್ರವೇ ತಪ್ಪು! ಅದರಲ್ಲಿ ಇಲ್ಲದ ಸಿಲಿಕಾನ್ ಇತ್ತು, ಇರಬೇಕಾದ ಜಿರ್ಕೋನಿಯಂ ಇರಲಿಲ್ಲ. ಇರುವುದು ಒಂದು ಹರಳು, ಅದನ್ನು ಪುಡಿ ಮಾಡಿ ಪರೀಕ್ಷೆ ಮಾಡುವ ಹಾಗಿಲ್ಲ, ಚೂರು ಕೆರೆದು ತೆಗೆದರೆ ಎಷ್ಟು ಸಿಗುತ್ತದೆ ಹೇಳಿ. 1976ರಲ್ಲಿ ಪಾಲ್ ಮೂರ್ ಮತ್ತು ತಕಹರು ಅರಾಕಿ ಅನ್ನುವ ವಿಜ್ಞಾನಿಗಳು ಎಕ್ಸ್‌ರೇ ಬಿಟ್ಟು ಒಳಗಿನ ಕಟ್ಟಡವನ್ನು ಬಿಡಿಸಿದಾಗ, ಅಲ್ಲಿ ಯಾವುದೋ ಭಾರದ ಪರಮಾಣು ಕೂತಿದೆ, ಅದು ಜಿರ್ಕೋನಿಯಂ ಅಂತ ಗೊತ್ತಾಯಿತು. ಸುಮಾರು ಇಪ್ಪತ್ತು ವರ್ಷ ಆ ಖನಿಜ ತಪ್ಪು ಜಾತಕ ಇಟ್ಟುಕೊಂಡು ಕೂತಿತ್ತು.

ಜಗತ್ತಿನಲ್ಲಿ ಬರೀ ಮೂರು ಹರಳು ಇವೆಯಂತೆ?

ಈ ಮಾತು ಒಂದು ಕಾಲದಲ್ಲಿ ನಿಜ. ಈಗ ಅಲ್ಲ. ವಿಡಿಯೋ ಮಾಡುವವರು ಹಳೇ ಮಾಹಿತಿಯನ್ನೇ ಇನ್ನೂ ಬಿಸಿ ಮಾಡಿ ಬಡಿಸುತ್ತಿದ್ದಾರೆ.

ಮೊದಲ ಎರಡು ಹರಳು ಲಂಡನ್ ಸೇರಿದ್ದವು. ಮೂರನೆಯದು 1979ರಲ್ಲಿ ಅಮೆರಿಕದ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ, ಬರ್ಮಾದಿಂದ ಬಂದಿದ್ದ ಸಾಣೆ ಹಿಡಿಯದ ಹರಳುಗಳ ನಡುವೆ ಪತ್ತೆಯಾಯಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೂರೇ ಮೂರು. 2001ರ ಹೊತ್ತಿಗೆ ಮತ್ತೆ ಒಂದೊಂದೇ ಹೊರಗೆ ಬರತೊಡಗಿದವು. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ಸಂಸ್ಥೆಯ ಜಾರ್ಜ್ ರೋಸ್‌ಮನ್ ಅವರು ಹೊಸದಾಗಿ ಬಂದ ಪ್ರತಿ ಹರಳಿಗೂ ಒಂದೊಂದು ನಂಬರ್ ಕೊಟ್ಟು ಪಟ್ಟಿ ಮಾಡುತ್ತಿದ್ದರು. ಶಾಲೆಯಲ್ಲಿ ಹಾಜರಿ ಹಾಕಿದ ಹಾಗೆ. 2005ಕ್ಕೆ ಮುಂಚೆ ಗೊತ್ತಿದ್ದದ್ದು ಒಟ್ಟು ಇಪ್ಪತ್ತೈದಕ್ಕಿಂತ ಕಮ್ಮಿ. ಆ ವರ್ಷವೇ ಗಿನ್ನೆಸ್ ಪುಸ್ತಕ ಇದನ್ನು ಅತಿ ಅಪರೂಪದ ರತ್ನ ಖನಿಜ ಅಂತ ಹೇಳಿತು.

ಮಜಾ ಏನಂದ್ರೆ ಅದೇ ಹೊತ್ತಿಗೆ ಮೊಗೋಕ್ ಸುತ್ತಮುತ್ತ ಹುಡುಕಿದವರಿಗೆ ಥುರೈನ್ ಟೌಂಗ್ ಮತ್ತು ವೆಟ್ ಲೂ ಅನ್ನುವ ಕಡೆ ಪೇನೈಟ್‌ನ ಮೂಲ ಜಾಗವೇ ಸಿಕ್ಕಿಬಿಟ್ಟಿತು. ಆಮೇಲೆ ಬಂದ ಹರಳು ಮತ್ತು ಚೂರುಗಳ ಲೆಕ್ಕ ಸಾವಿರಗಳಲ್ಲಿ ಇದೆ. ದಾಖಲೆ ಪುಸ್ತಕದಲ್ಲಿ ಹೆಸರು ಬಂದ ವರ್ಷವೇ ದಾಖಲೆ ಅಲುಗಾಡಿತು ಅಂತಿಟ್ಟುಕೊಳ್ಳಿ.

ಹಾಗಾದ್ರೆ ಅಪರೂಪ ಅನ್ನೋದು ಸುಳ್ಳಾ? ಸುಳ್ಳಲ್ಲ. ಆ ಸಾವಿರಗಳಲ್ಲಿ ಬಹಳಷ್ಟು ಕಪ್ಪಗಿರುವ, ಬೆಳಕು ತೂರದ, ಒಡೆದ ತುಂಡುಗಳು. ಸಾಣೆ ಹಿಡಿದು ಉಂಗುರಕ್ಕೆ ಕೂರಿಸುವಂತಹ ತಿಳಿಯಾದ ಹರಳು ಅದರಲ್ಲಿ ಸ್ವಲ್ಪವೇ ಸ್ವಲ್ಪ. "ಖನಿಜ ಅಪರೂಪ" ಮತ್ತು "ಒಳ್ಳೇ ಹರಳು ಅಪರೂಪ" ಇವೆರಡು ಬೇರೆ ಬೇರೆ ಮಾತು. ಮೊದಲನೆಯದು ಸ್ವಲ್ಪ ಸಡಿಲವಾಗಿದೆ, ಎರಡನೆಯದು ಹಾಗೇ ಇದೆ.

ಇಷ್ಟು ದಿನ ಯಾಕೆ ಸಿಗಲಿಲ್ಲ? ಅಡಗಿಕೊಂಡಿತ್ತಾ?

ಅಡಗಿಕೊಂಡಿರಲಿಲ್ಲ, ಯಾರೂ ಕೇಳಲಿಲ್ಲ. ಮೊಗೋಕ್‌ನಲ್ಲಿ ಜನ ಶತಮಾನಗಳಿಂದ ಮಣ್ಣು ಜಾಲಿಸುತ್ತಿದ್ದಾರೆ. ಜಾಲರಿಯಲ್ಲಿ ಉಳಿಯುವ ಭಾರದ ಕಲ್ಲುಗಳಲ್ಲಿ ಅವರ ಕಣ್ಣು ಹುಡುಕುವುದು ಮಾಣಿಕ್ಯ, ನೀಲ, ಸ್ಪಿನೆಲ್. ಮಾಣಿಕ್ಯದಷ್ಟೇ ತೂಕ ಇರುವ ಆದರೆ ಕಂದು ಕಂದಾಗಿ ಮಸುಕಾಗಿರುವ ತುಣುಕು ಕಂಡರೆ ಕೀಳು ಮಾಣಿಕ್ಯ ಅಂತ ಅಗ್ಗದ ರಾಶಿಗೆ ಹಾಕುತ್ತಾರೆ, ಇಲ್ಲವೇ ಎಸೆಯುತ್ತಾರೆ. ಕೊಳ್ಳುವವರು ಇದ್ದಾರೆ ಅಂತ ಸುದ್ದಿ ಹಬ್ಬಿದ ಮೇಲೆ ಅದೇ ಕಣ್ಣುಗಳು ಅದನ್ನೂ ಹೆಕ್ಕತೊಡಗಿದವು. ಹಳೇ ಪೆಟ್ಟಿಗೆಗಳನ್ನು ಮತ್ತೆ ತೆರೆದು ನೋಡಿದವರಿಗೂ ಒಂದೆರಡು ಸಿಕ್ಕಿವೆ. ನನ್ನ ಪ್ರಕಾರ ಪೇನೈಟ್‌ನ ಅರ್ಧ ಅಪರೂಪ ಭೂಮಿಯದು, ಉಳಿದ ಅರ್ಧ ಹಣೆಪಟ್ಟಿ ಬರೆಯುವವರದು.

ಭೂಮಿಯ ಆ ಅರ್ಧ ಏನು? ಯಾಕೆ ಎಲ್ಲ ಕಡೆ ಹುಟ್ಟಲ್ಲ?

ಇದು ನನ್ನ ಮೆಚ್ಚಿನ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಮಾಡಿಕೊಂಡು ಬನ್ನಿ.

ಬೋರಾನ್ ಮತ್ತು ಜಿರ್ಕೋನಿಯಂ ಎರಡರ ಸ್ವಭಾವವೂ ಎಣ್ಣೆ ಸೀಗೆಕಾಯಿ. ಬೋರಾನ್ ಬಹಳ ಹಗುರ. ಕರಗಿದ ಕಲ್ಲು ಆರುತ್ತಾ ಬಂದ ಹಾಗೆ ಬೇರೆಲ್ಲ ಧಾತುಗಳು ಹರಳಾಗಿ ಕೂತರೂ ಬೋರಾನ್ ಮಾತ್ರ ಕೊನೆಯ ದ್ರವದಲ್ಲಿ, ಬಿಸಿನೀರಿನಲ್ಲಿ ಉಳಿದುಕೊಂಡು ಬಿರುಕುಗಳಲ್ಲಿ ಹರಿದು ಎಲ್ಲೆಲ್ಲೋ ಹೋಗುತ್ತದೆ. ಒಂದು ಕಡೆ ನಿಲ್ಲದ ಜಾತಿ. ಅಷ್ಟೇ ಅಲ್ಲ, ಬೋರಾನ್ ವಿಶ್ವದಲ್ಲೇ ಕಮ್ಮಿ, ನಕ್ಷತ್ರಗಳ ಹೊಟ್ಟೆಯಲ್ಲಿ ಅದು ತಯಾರಾಗುವುದಿಲ್ಲ, ಕಾಸ್ಮಿಕ್ ಕಿರಣಗಳು ದೊಡ್ಡ ಪರಮಾಣುಗಳಿಗೆ ಬಡಿದು ಒಡೆದಾಗ ಹುಟ್ಟುವ ಚೂರು ಅದು. ಜಿರ್ಕೋನಿಯಂ ಇದಕ್ಕೆ ಪೂರ್ತಿ ಉಲ್ಟಾ. ಅದು ಜಿರ್ಕಾನ್ ಅನ್ನುವ ಹರಳೊಳಗೆ ಹೊಕ್ಕು ಕೂತರೆ ಮುಗಿಯಿತು, ಕಲ್ಲು ಕರಗಿದರೂ ಮಳೆ ಬಂದರೂ ಬೆಟ್ಟವೇ ಮರಳಾದರೂ ಜಿರ್ಕಾನ್ ಅಲ್ಲಾಡುವುದಿಲ್ಲ. ಒಂದು ಊರೂರು ಅಲೆಯುವ ಜಂಗಮ, ಇನ್ನೊಂದು ಕೂತಲ್ಲೇ ಕೂತಿರುವ ಸ್ಥಾವರ. ಇವೆರಡೂ ಒಂದೇ ಹರಳಲ್ಲಿ ಸೇರಬೇಕು.

ಮೂರನೇ ತೊಡಕು ಸಿಲಿಕಾ, ಅಂದ್ರೆ ಸಿಲಿಕಾನ್ ಆಕ್ಸಿಜನ್ ಸೇರಿ ಆದದ್ದು. ಭೂಮಿಯ ಮೇಲ್ಪದರದ ತುಂಬಾ ಸಿಲಿಕಾ ಇದೆ, ಮತ್ತು ಅದು ಎಲ್ಲರನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಸಿಲಿಕಾ ಇದ್ದ ಕಡೆ ಬೋರಾನ್ ಟೂರ್ಮಲಿನ್ ಆಗುತ್ತದೆ, ಜಿರ್ಕೋನಿಯಂ ಜಿರ್ಕಾನ್ ಆಗುತ್ತದೆ, ಅಲ್ಯೂಮಿನಿಯಂ ಫೆಲ್ಡ್‌ಸ್ಪಾರ್ ಆಗುತ್ತದೆ. ಪೇನೈಟ್‌ಗೆ ಬೇಕಾದ ಸಾಮಾನೆಲ್ಲ ಬೇರೆ ಅಡಿಗೆಗೆ ಖರ್ಚಾಗಿಬಿಡುತ್ತದೆ. ಹಾಗಾಗಿ ಸಿಲಿಕಾ ಇಲ್ಲದ ಜಾಗ ಬೇಕು. ಅಮೃತಶಿಲೆ ಅಂಥ ಜಾಗ.

ಭಾರತದ ತುಂಡು ಭೂಮಿ ತೇಲಿ ಬಂದು ಏಷ್ಯಾಕ್ಕೆ ಗುದ್ದಿದ ಕಥೆ ನಿಮಗೆ ಗೊತ್ತಲ್ವಾ, ಸುಮಾರು 5 ಕೋಟಿ ವರ್ಷಗಳ ಹಿಂದೆ. ಹಿಮಾಲಯ ಎದ್ದಿದ್ದು ಅದರಿಂದಲೇ. ಆ ಗುದ್ದಿನ ಪೂರ್ವದ ಅಂಚಿನಲ್ಲಿ ಮೊಗೋಕ್ ಇದೆ. ಅಲ್ಲಿ ಸುಣ್ಣಕಲ್ಲು ಬೆಂದು ಅಮೃತಶಿಲೆ ಆಗಿತ್ತು. ಅದರೊಳಗೆ ಗ್ರಾನೈಟ್ ಜಾತಿಯ ಕರಗಿದ ಕಲ್ಲು ನುಗ್ಗಿತು. ಗ್ರಾನೈಟ್ ಕಡೆಯಿಂದ ಬೋರಾನ್ ಬಂತು, ಅಮೃತಶಿಲೆ ಕಡೆಯಿಂದ ಕ್ಯಾಲ್ಸಿಯಂ ಬಂತು, ಎರಡೂ ತಾಗಿದ ಗಡಿಯಲ್ಲಿ, ಸ್ಕಾರ್ನ್ ಅನ್ನುವ ಕಲಸುಮೇಲೋಗರದಲ್ಲಿ, ಜಿರ್ಕೋನಿಯಂ ಕೂಡ ತನ್ನ ಜಾಗ ಬಿಟ್ಟು ಏಳುವ ಪರಿಸ್ಥಿತಿ ಬಂತು. ಆ ಗಡಿಯಲ್ಲಿ ಪೇನೈಟ್ ಹುಟ್ಟಿತು. ಒಂದು ಕಡೆ ಸ್ವಲ್ಪ ಸಿಲಿಕಾ ಜಾಸ್ತಿ ಆಗಿದ್ದರೂ ಆಗುತ್ತಿರಲಿಲ್ಲ. ಇಷ್ಟೆಲ್ಲ ಒಟ್ಟಿಗೆ ಆದ ಜಾಗ ಮ್ಯಾನ್ಮಾರ್ ಬಿಟ್ಟು ಬೇರೆ ಎಲ್ಲೂ ದಾಖಲಾಗಿಲ್ಲ.

ಮಾಣಿಕ್ಯ ಮತ್ತು ಪೇನೈಟ್ ಒಟ್ಟಿಗೆ ಸಿಗುತ್ತವಾ?

ಒಟ್ಟಿಗೆ ಅಷ್ಟೇ ಅಲ್ಲ, ಒಂದರ ಮೇಲೆ ಒಂದು. ಪೇನೈಟ್ ಹರಳಿನ ಮೈಮೇಲೆ ಸಣ್ಣ ಸಣ್ಣ ಮಾಣಿಕ್ಯ ಬೆಳೆದಿರುವ ತುಣುಕುಗಳು ಮೊಗೋಕ್‌ನಿಂದ ಬಂದಿವೆ, ಅವುಗಳ ಮೇಲೆ ಅಧ್ಯಯನವೂ ಆಗಿದೆ. ಪರಿಸ್ಥಿತಿ ಬದಲಾದಾಗ ಪೇನೈಟ್ ಹದಗೆಟ್ಟು ಅದರ ಅಲ್ಯೂಮಿನಿಯಂ ಮಾಣಿಕ್ಯವಾಗಿ ಕೂರುತ್ತದೆ. ಅಂದ್ರೆ ಅಲ್ಲಿನ ಕೆಲವು ಮಾಣಿಕ್ಯಗಳು ಹಿಂದಿನ ಜನ್ಮದಲ್ಲಿ ಪೇನೈಟ್ ಆಗಿದ್ದವು. ಸಂಗ್ರಹಕಾರರಿಗೆ ಈ ಜೋಡಿ ತುಣುಕು ಅಂದರೆ ಪ್ರಾಣ.

ನೋಡೋಕೆ ಹೇಗಿರುತ್ತೆ? ನೀವು ಕಣ್ಣಾರೆ ನೋಡಿದ್ದೀರಾ?

ಒಂದು ಸಲ. ಹರಳು ಪರೀಕ್ಷೆಯ ಕೆಲಸದಲ್ಲಿರುವ ಗೆಳೆಯನೊಬ್ಬ ಬ್ಯಾಂಕಾಕ್‌ಗೆ ಹೋದವನು ಒಂದು ಹರಳು ತಂದಿದ್ದ. ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸ್ಪಂಜು, ಸ್ಪಂಜಿನ ಗುಳಿಯಲ್ಲಿ ಅದು. ಉದ್ದ ಏಳು ಮಿಲಿಮೀಟರ್, ದಪ್ಪ ನಾಲ್ಕು, ತೂಕ ಒಂದೂವರೆ ಕ್ಯಾರೆಟ್ ಹತ್ತಿರ. ಆರು ಮುಖದ ಪೆನ್ಸಿಲ್ ತುಂಡಿನ ಹಾಗೆ. ನಿಜ ಹೇಳಬೇಕಂದ್ರೆ ಮೊದಲು ನಿರಾಸೆ ಆಯಿತು. ಹುಣಸೆ ಬೀಜದ ಬಣ್ಣ. ಇದಕ್ಕಾ ಇಷ್ಟು ಗಲಾಟೆ ಅಂತ ಕೇಳಿಯೇಬಿಟ್ಟೆ.

ಅವನು ಏನೂ ಮಾತಾಡದೆ ಟಾರ್ಚ್ ಹಚ್ಚಿ ಹರಳಿನ ತುದಿಗೆ ಹಿಡಿದ, ಪೆನ್ಸಿಲ್‌ನ ಸೀಸದ ದಿಕ್ಕಿನಲ್ಲಿ ನೋಡು ಅಂದ. ಪುನರ್ಪುಳಿ ಶರಬತ್ತು! ಅಷ್ಟು ತಿಳಿಯಾದ ಕೆಂಪು. ಆಮೇಲೆ ಹರಳನ್ನು ಅಡ್ಡ ತಿರುಗಿಸಿದ. ಕೆಂಪು ಹೋಯಿತು, ಜೋನಿ ಬೆಲ್ಲದ ಬಣ್ಣ ಬಂತು, ಕಿತ್ತಳೆ ಕಂದು. ಮತ್ತೆ ಉದ್ದಕ್ಕೆ, ಮತ್ತೆ ಕೆಂಪು. ಒಂದೇ ಕಲ್ಲು, ಎರಡು ಬಣ್ಣ, ನೋಡುವ ದಿಕ್ಕು ಬೇರೆ ಅಷ್ಟೇ. ಹತ್ತು ನಿಮಿಷ ಅದನ್ನೇ ತಿರುಗಿಸುತ್ತಾ ಕೂತಿದ್ದೆ, ಕೊನೆಗೆ ಅವನೇ ಕಿತ್ತುಕೊಂಡ.

ಸಾಣೆ ಹಿಡಿಯುವವರಿಗೆ ಇದೇ ತಲೆನೋವು. ಹರಳಿನ ಮೇಲ್ಮುಖವನ್ನು ಸರಿಯಾದ ದಿಕ್ಕಿಗೆ ಇಟ್ಟು ಕೊಯ್ದರೆ ಮಾಣಿಕ್ಯದ ಕೆಂಪು, ತಪ್ಪಿದರೆ ಬೆಲ್ಲ. ಆದರೆ ಸಿಗುವ ತುಂಡೇ ಸಣ್ಣದು, ದಿಕ್ಕು ನೋಡಿಕೊಂಡು ಕೊಯ್ಯುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಸಾಸಿವೆ.

ಅಂಕಿಅಂಶ ಕೊಡ್ತೀರಾ? ಪರೀಕ್ಷೆಗೆ ಬೇಕು.

ಗಡಸುತನ ಮೋಸ್ ಅಳತೆಯಲ್ಲಿ 8, ಅಂದ್ರೆ ಟೋಪಾಜ್ ಮಟ್ಟ, ಮಾಣಿಕ್ಯದ 9ಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಸಾಂದ್ರತೆ ಸುಮಾರು 4.01, ಮಾಣಿಕ್ಯದ್ದು ಸುಮಾರು 4.00. ಹಾಗಾಗಿ ತೂಗಿ ನೋಡಿ ಮಾಣಿಕ್ಯದಿಂದ ಬೇರೆ ಮಾಡಲು ಆಗುವುದಿಲ್ಲ. ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಂಕಿ, ಒಂದು ದಿಕ್ಕಿನಲ್ಲಿ 1.787, ಇನ್ನೊಂದು ದಿಕ್ಕಿನಲ್ಲಿ 1.816 ಹತ್ತಿರ, ಎರಡರ ನಡುವಿನ ವ್ಯತ್ಯಾಸ 0.029. ಮಾಣಿಕ್ಯದ್ದು 1.762ರಿಂದ 1.770, ವ್ಯತ್ಯಾಸ ಬರೀ 0.008. ಇದನ್ನು ಅಳೆಯುವ ಮಾಮೂಲಿ ರಿಫ್ರಾಕ್ಟೋಮೀಟರ್ 1.81ಕ್ಕೆ ನಿಲ್ಲುತ್ತದೆ, ಆದ್ದರಿಂದ ಪೇನೈಟ್‌ನ ಮೇಲಿನ ಗೆರೆ ಅಳತೆಯಿಂದ ಆಚೆ ಹೋಗಬಹುದು, ಗಾಬರಿ ಬೇಡ. ಅಲ್ಟ್ರಾವಯಲೆಟ್ ದೀಪದಲ್ಲಿ ಚಿಕ್ಕ ತರಂಗಕ್ಕೆ ಜೋರಾಗಿ ಕೆಂಪಗೆ ಹೊಳೆಯುತ್ತದೆ, ಉದ್ದ ತರಂಗಕ್ಕೆ ಮಂಕಾಗಿ. ಮಾಣಿಕ್ಯ ಇದಕ್ಕೆ ತಿರುಗುಮುರುಗು.

ಆನ್‌ಲೈನ್‌ನಲ್ಲಿ ಮೂರ್ನಾಲ್ಕು ಸಾವಿರಕ್ಕೆ ಪೇನೈಟ್ ಮಾರ್ತಾರಲ್ಲ, ತಗೋಬಹುದಾ?

ನಾನು ತಗೊಂಡೆ. ಕಥೆ ಕೇಳಿ.

3,500 ರೂಪಾಯಿ, ಸಾಣೆ ಹಿಡಿದ ಕಡುಗೆಂಪು ಹರಳು, "ಅಸಲಿ ಪೇನೈಟ್" ಅಂತ ಮಿಂಚುವ ಕಾಗದದ ಸರ್ಟಿಫಿಕೇಟ್ ಬೇರೆ. ಮಾರಿದವರ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಹರಳು ತೂಗುವ ಪುಟ್ಟ ತಕ್ಕಡಿ ಇದೆ. ಗಾಳಿಯಲ್ಲಿ ತೂಗಿದೆ, 1.24 ಕ್ಯಾರೆಟ್. ತಂತಿಯ ಪುಟ್ಟ ಬುಟ್ಟಿಯಲ್ಲಿ ಇಟ್ಟು ನೀರಿನಲ್ಲಿ ಮುಳುಗಿಸಿ ತೂಗಿದೆ, 0.93. ಕಮ್ಮಿಯಾದದ್ದು 0.31. 1.24ನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 4.0. ನಾನು ಅಡಿಗೆಮನೆಯಲ್ಲೇ ಕುಣಿದೆ, ಹೆಂಡತಿ ಬಂದು ಗ್ಯಾಸ್ ಲೀಕ್ ಆಯ್ತಾ ಅಂತ ಕೇಳಿದಳು.

ಗೆಳೆಯನಿಗೆ ಫೋನ್ ಮಾಡಿದರೆ ಅವನು ನಗಲೂ ಇಲ್ಲ. "ಗಾರ್ನೆಟ್ ಅನ್ನೋ ಕೆಂಪು ಹರಳಿನ ಸಾಂದ್ರತೆನೂ ನಾಲ್ಕರ ಹತ್ರಾನೇ ಇರುತ್ತೆ ಕಣೋ. ಲೂಪ್ ಭೂತಗನ್ನಡಿ ತಗೊಂಡು ಮೇಲಿನ ಮುಖದ ಮೂಲಕ ಹಿಂದಿನ ಅಂಚುಗಳನ್ನ ನೋಡು. ಎರಡೆರಡಾಗಿ ಕಾಣುತ್ತಾ?" ನೋಡಿದೆ. ಎಷ್ಟು ತಿರುಗಿಸಿದರೂ ಅಂಚು ಒಂದೇ ಗೆರೆ, ಚೂಪಾಗಿ. "ಬೆಳಕು ಸೋಸುವ ಎರಡು ಪೋಲರಾಯ್ಡ್ ಹಾಳೆ ಅಡ್ಡಡ್ಡ ಇಟ್ಟು ನಡುವೆ ಹಿಡಿದು ತಿರುಗಿಸು." ತಿರುಗಿಸಿದೆ, ಕತ್ತಲೆ, ಪೂರ್ತಿ ಸುತ್ತಿನಲ್ಲೂ ಕತ್ತಲೆ. ಪೇನೈಟ್ ಬೆಳಕನ್ನು ಎರಡಾಗಿ ಸೀಳುತ್ತದೆ, ಅದೂ 0.029ರಷ್ಟು ಜೋರಾಗಿ, ಆದ್ದರಿಂದ ಹಿಂದಿನ ಅಂಚುಗಳು ಜೋಡಿಯಾಗಿ ಕಾಣಬೇಕು, ತಿರುಗಿಸಿದಾಗ ಬೆಳಕು ಕತ್ತಲೆ ಬೆಳಕು ಕತ್ತಲೆ ಅಂತ ಮಿಟುಕಬೇಕು. ಗಾರ್ನೆಟ್ ಬೆಳಕನ್ನು ಸೀಳುವುದೇ ಇಲ್ಲ. "ಗಾರ್ನೆಟ್ ಕಣೋ" ಅಂದ. ಬೆಲೆ ಕೇಳಿ ಆಮೇಲೆ ನಕ್ಕ.

ಹಾಗಾಗಿ ಸಾಂದ್ರತೆ ಒಂದನ್ನೇ ನಂಬಿ ಕುಣಿಯಬೇಡಿ. ಹತ್ತು ಪಟ್ಟು ತೋರಿಸುವ ಲೂಪ್ ಮತ್ತು ಎರಡು ಪೋಲರಾಯ್ಡ್ ತುಂಡು ಇದ್ದರೆ ಬಹುತೇಕ ನಕಲಿ ಅಲ್ಲೇ ಸಿಕ್ಕಿಬೀಳುತ್ತದೆ. ಕೊನೆಯ ತೀರ್ಪು ಲ್ಯಾಬ್‌ನವರದು, ರಾಮನ್ ಯಂತ್ರದಲ್ಲಿ ಇಟ್ಟರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ ಸಿ. ವಿ. ರಾಮನ್ ಕಂಡುಹಿಡಿದ ಬೆಳಕಿನ ಪರಿಣಾಮವೇ ಇದರ ಬುನಾದಿ.

ಕ್ಯಾರೆಟ್‌ಗೆ 50–60 ಸಾವಿರ ಡಾಲರ್ ಅಂತಾರಲ್ಲ?

ಆ ಅಂಕಿ ಎಲ್ಲ ಕಡೆ ಓಡಾಡುತ್ತಿದೆ. ಕೆಂಪಗೆ, ತಿಳಿಯಾಗಿ, ದೊಡ್ಡದಾಗಿ ಇರುವ ಹರಳಿಗೆ ಎಷ್ಟು ಕೇಳಿದರೂ ಕೊಡುವವರು ಇರಬಹುದು. ಆದರೆ ಅದೇ ಬೆಲೆಯನ್ನು ಕಪ್ಪು ಚೂರಿಗೆ ಗುಣಿಸಿ "ನನ್ನ ಬಳಿ ಕೋಟಿ ಇದೆ" ಅಂದುಕೊಳ್ಳುವವರನ್ನು ನೋಡಿದ್ದೇನೆ. ಪೇನೈಟ್‌ಗೆ ಚಿನ್ನದ ಹಾಗೆ ದಿನದ ರೇಟ್ ಇಲ್ಲ. ಕೊಳ್ಳುವವರು ಬೆರಳೆಣಿಕೆಯ ಸಂಗ್ರಹಕಾರರು. ಹೂಡಿಕೆ ಅಂತ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ.

ಯಾವ ಗ್ರಹಕ್ಕೆ ಒಳ್ಳೇದು? ಯಾವ ಬೆರಳಿಗೆ ಹಾಕಬೇಕು?

ನವರತ್ನದಲ್ಲಿ ಇದು ಇಲ್ಲ. 1957ರಲ್ಲಿ ಹೆಸರಿಟ್ಟ ಕಲ್ಲಿಗೆ ಗ್ರಹಗಳು ಇನ್ನೂ ಜಾಗ ಹಂಚಿಲ್ಲ. ಮಾಣಿಕ್ಯದ ಬದಲಿಗೆ ಹಾಕಿಕೊಳ್ಳಿ ಅಂತ ಹೇಳುವವರು ಮಾರಲು ಕೂತವರು.

ನಮ್ಮ ಕರ್ನಾಟಕದಲ್ಲಿ ಸಿಗುತ್ತಾ?

ಇಲ್ಲ. ಮೈಸೂರು, ಹಾಸನದ ಕಡೆ ಕೆಂಪು ಕೊರಂಡಂ ಸಿಗುತ್ತದೆ, ವ್ಯಾಪಾರದಲ್ಲಿ ಮೈಸೂರು ಮಾಣಿಕ್ಯ ಅಂತಲೇ ಕರೆಯುವ ಮಸುಕು ಹರಳು. ಹೊಲ ಉಳುವಾಗ ಸಿಕ್ಕಿತು ಅಂತ ಫೋಟೋ ಕಳಿಸುವವರು ಇದ್ದಾರೆ. ಆದರೆ ಅದು ಸಿಗುವ ಕಲ್ಲಿನ ಜಾತಿ ಬೇರೆ, ವಯಸ್ಸೂ ಬೇರೆ, ನಮ್ಮ ನೆಲದ ಬಂಡೆಗಳಲ್ಲಿ ಎಷ್ಟೋ 300 ಕೋಟಿ ವರ್ಷ ದಾಟಿದವು. ಬೋರಾನ್ ನಮ್ಮಲ್ಲೂ ಇದೆ, ಕಪ್ಪು ಟೂರ್ಮಲಿನ್ ರೂಪದಲ್ಲಿ. ಸಿಲಿಕಾ ಇದ್ದ ಕಡೆ ಬೋರಾನ್ ಹಾಗೇ ಆಗುತ್ತದೆ ಅಂತ ಮೇಲೆ ಹೇಳಿದೆನಲ್ಲ.

ಇದೇ ಥರ ಬೇರೆ ಅಪರೂಪದ ಬೋರೇಟ್ ರತ್ನ ಇದೆಯಾ?

ಇದೆ, ಮತ್ತು ಪಕ್ಕದ ಮನೆಯಲ್ಲೇ ಇದೆ. ಸಿನ್ಹಲೈಟ್. ಹೆಸರು ನೋಡಿದರೇ ಗೊತ್ತಾಗುತ್ತದೆ, ಸಿಂಹಳದಿಂದ ಬಂದದ್ದು. ಶ್ರೀಲಂಕಾದ ರತ್ನಪುರ ಕಡೆಯ ಹೊಳೆಗಳ ಮರಳಿನಲ್ಲಿ ಸಿಗುವ ಜೇನಿನ ಬಣ್ಣದ ಹರಳು. ಇದನ್ನು ಎಲ್ಲರೂ ಪೆರಿಡಾಟ್ ಅನ್ನುವ ಬೇರೊಂದು ರತ್ನದ ಕಂದು ಜಾತಿ ಅಂತ ತಿಳಿದು ಮಾರುತ್ತಿದ್ದರು, ಮ್ಯೂಸಿಯಂಗಳಲ್ಲೂ ಅದೇ ಚೀಟಿ ಅಂಟಿಸಿ ಇಟ್ಟಿದ್ದರು. ಪೆರಿಡಾಟ್‌ಗೆ ಇರಬೇಕಾದದ್ದಕ್ಕಿಂತ ತೂಕ ಸ್ವಲ್ಪ ಜಾಸ್ತಿ ಬರುತ್ತಿತ್ತು, ಅನುಮಾನ ಬಂತು. 1952ರಲ್ಲಿ ಅದೇ ಕ್ಲಾರಿಂಗ್‌ಬುಲ್ ಮತ್ತು ಹೇ ಇದು ಬೇರೆಯೇ ಖನಿಜ ಅಂತ ತೋರಿಸಿದರು. ಪೇನೈಟ್‌ಗಿಂತ ಐದು ವರ್ಷ ಮೊದಲು.

ಮೋಸ ಹೋಗಿದ್ದಕ್ಕೆ ಕಾರಣ ಚೆನ್ನಾಗಿದೆ. ಪೆರಿಡಾಟ್ ಒಳಗೆ ಎರಡು ಮೆಗ್ನೀಷಿಯಂ, ಒಂದು ಸಿಲಿಕಾನ್. ಸಿನ್ಹಲೈಟ್‌ನಲ್ಲಿ ಒಂದು ಮೆಗ್ನೀಷಿಯಂ ಜಾಗಕ್ಕೆ ಅಲ್ಯೂಮಿನಿಯಂ ಬಂದಿದೆ, ಸಿಲಿಕಾನ್ ಜಾಗಕ್ಕೆ ಬೋರಾನ್. ವಿದ್ಯುತ್ ಲೆಕ್ಕ ನೋಡಿ: ಅಲ್ಲಿ ಆ ಮೆಗ್ನೀಷಿಯಂನ 2 ಮತ್ತು ಸಿಲಿಕಾನ್‌ನ 4 ಸೇರಿ 6, ಇಲ್ಲಿ ಅಲ್ಯೂಮಿನಿಯಂನ 3 ಮತ್ತು ಬೋರಾನ್‌ನ 3 ಸೇರಿ 6. ಲೆಕ್ಕ ಸರಿಹೋಯಿತು, ಕಟ್ಟಡ ಅದೇ ಉಳಿಯಿತು, ಒಳಗಿನ ಬಾಡಿಗೆದಾರರು ಮಾತ್ರ ಬದಲಾದರು. ಹೊರಗಿನಿಂದ ನೋಡುವವರಿಗೆ ಮನೆ ಒಂದೇ ಥರ ಕಾಣುತ್ತದೆ, ಅಲ್ವಾ.

ಇನ್ನೊಂದು ಜೆರೆಮೆಜೆವೈಟ್. 1883ರಲ್ಲಿ ಸೈಬೀರಿಯಾದಿಂದ ವಿವರಿಸಿದ್ದು, ಚೆಂದದ ನೀಲಿ ಹರಳುಗಳು ಬಂದದ್ದು ನಮೀಬಿಯಾದಿಂದ. ಒಟ್ಟು ಬೋರಾನ್ ಇರುವ ಖನಿಜಗಳು 300ರ ಆಸುಪಾಸು ಇವೆ, ಎಲ್ಲ ಬರೆಯುತ್ತಾ ಕೂತರೆ ಬೆಳಗಾಗುತ್ತದೆ.

ವಿಷವಾ? ತೊಳೆಯಬಹುದಾ?

ವಿಷವಲ್ಲ. ಬೆಚ್ಚಗಿನ ಸೋಪು ನೀರಿನಲ್ಲಿ ಮೆತ್ತಗಿನ ಬ್ರಷ್‌ನಿಂದ ತೊಳೆಯಿರಿ. ಬಿರುಕು ಜಾಸ್ತಿ ಇರುತ್ತದೆ, ಅಲ್ಟ್ರಾಸಾನಿಕ್ ಯಂತ್ರಕ್ಕೆ ಮಾತ್ರ ಹಾಕಬೇಡಿ.

ಈಗ ಮೊಗೋಕ್‌ನಿಂದ ಬರ್ತಾ ಇದೆಯಾ?

ಊರಿನ ಪರಿಸ್ಥಿತಿ ನೆಟ್ಟಗಿಲ್ಲ. 2021ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಅಮೆರಿಕ ಅಲ್ಲಿನ ಸರ್ಕಾರಿ ರತ್ನ ಉದ್ಯಮದ ಮೇಲೆ ನಿರ್ಬಂಧ ಹಾಕಿತು. 2024ರ ಜುಲೈನಲ್ಲಿ ತಾಆಂಗ್ ನ್ಯಾಷನಲ್ ಲಿಬರೇಶನ್ ಆರ್ಮಿ ಅನ್ನುವ ಬಂಡುಕೋರ ಪಡೆ ಮೊಗೋಕ್ ಪಟ್ಟಣವನ್ನೇ ಹಿಡಿದುಕೊಂಡಿತು. ಮಾಣಿಕ್ಯದ ಹಣ ಯಾರ ಬಂದೂಕಿಗೆ ಹೋಗುತ್ತದೆ ಅನ್ನುವುದು ಹಳೇ ಪ್ರಶ್ನೆ, ಪೇನೈಟ್‌ಗೂ ಅದು ಅನ್ವಯ. ನಾನು ಹೊಸ ಸರಕು ಕೊಳ್ಳುವುದಿಲ್ಲ. ಕೊಳ್ಳುವವರು ಕನಿಷ್ಠ ಯಾವಾಗ ಹೊರಬಂದ ಹರಳು ಅಂತ ಕೇಳಿ.

ಅಜ್ಜಿಯ ಕೆಂಪಿನ ಓಲೆಯಲ್ಲಿ ಪೇನೈಟ್ ಇರಬಹುದಾ? ಅದೂ ಬರ್ಮಾ ಕೆಂಪು ಅಂತಾರೆ.

ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಫೋಟೋ ಸಮೇತ. ದಕ್ಷಿಣದ ಹಳೇ ಒಡವೆಗಳಿಗೆ ಬರ್ಮಾ ಕೆಂಪು ಬಂದದ್ದು ನಿಜ, ಕೆಂಪಿನ ರಾಶಿಯಲ್ಲಿ ಪೇನೈಟ್ ಸೇರಿಕೊಂಡಿತ್ತು ಅನ್ನುವುದೂ ನಿಜ. ಹಾಗಾಗಿ ಸಾಧ್ಯವೇ ಇಲ್ಲ ಅಂತ ಹೇಳಲಾರೆ. ಆದರೆ ಓಲೆಗೆ ಕೂರಿಸುವವರು ಹೊಳೆಯುವ ಕೆಂಪನ್ನು ಆರಿಸುತ್ತಿದ್ದರು, ಹುಣಸೆ ಬೀಜದ ಬಣ್ಣವನ್ನಲ್ಲ. ಜೊತೆಗೆ, 1900ರ ದಶಕದ ಶುರುವಿನಿಂದ ಬೆಂಕಿಯಲ್ಲಿ ಕರಗಿಸಿ ಮಾಡಿದ ಕೃತಕ ಮಾಣಿಕ್ಯ ಅಗ್ಗವಾಗಿ ಎಲ್ಲ ಕಡೆ ಬಂದಿತ್ತು. ನಿಮ್ಮ ಅಜ್ಜಿಯ ಓಲೆಯಲ್ಲಿ ಇರುವುದು ಅದೇ ಆಗಿರುವ ಸಾಧ್ಯತೆ ಜಾಸ್ತಿ, ಅವರಿಗೆ ಇದನ್ನು ಹೇಳಬೇಡಿ.

ಪರೀಕ್ಷೆ ಮಾಡಿಸಲೇಬೇಕು ಅಂದರೆ ಹರಳು ಕೀಳಿಸಬೇಡಿ. ಹಳೇ ಕೆಂಪಿನ ಒಡವೆಯಲ್ಲಿ ಹರಳಿನ ಬೆನ್ನು ಚಿನ್ನದಿಂದ ಮುಚ್ಚಿರುತ್ತದೆ. ಕಿತ್ತರೆ ಮತ್ತೆ ಅದೇ ಹೊಳಪು ಬರುವ ಹಾಗೆ ಕೂರಿಸುವ ಕೈಗಳು ಈಗ ಕಮ್ಮಿ. ಬೆನ್ನು ಮುಚ್ಚಿರುವುದರಿಂದ ಲೂಪ್, ಪೋಲರಾಯ್ಡ್ ಆಟವೂ ನಡೆಯುವುದಿಲ್ಲ. ರಾಮನ್ ಯಂತ್ರ ಇರುವ ಲ್ಯಾಬ್‌ಗೆ ಓಲೆಯನ್ನು ಇಡಿಯಾಗಿ ತಗೊಂಡು ಹೋಗಿ, ಕೀಳದೇ ನೋಡಿ ಅಂತ ಮೊದಲೇ ಹೇಳಿ. ಹೋಗುವ ಮುಂಚೆ ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೀಲಿ ಟಾರ್ಚ್ ಬಿಟ್ಟು ನೋಡಿ. ಅದು ಉದ್ದ ತರಂಗದ್ದು. ಹರಳು ಕೆಂಡದ ಹಾಗೆ ಉರಿದರೆ ಮಾಣಿಕ್ಯ ಅಥವಾ ಕೆಂಪು ಸ್ಪಿನೆಲ್ ಇರಬೇಕು, ಅಸಲಿಯೋ ಕೃತಕವೋ, ಆ ಖರ್ಚು ಉಳಿಯಿತು.